ಯಾರ ರಕ್ತದಲ್ಲಿ

೧೦ ಜೂನ್ ೨೦೨೪, ಸೋಮವಾರ. ಮಧ್ಯಾಹ್ನ ೩

ಮೊದಲ ಶಿಫ್ಟ್ ಮುಗಿಸಿ ವೇಮಗಲ್‌ನಿಂದ ಬಂದೆ. ಕನ್ವೇಯರ್ ಇವತ್ತೂ ಕೈಕೊಟ್ಟಿತು. ಬೇರಿಂಗ್ ಬದಲಿಸಿ ಉಗುರಿನ ಸಂದಿಯೆಲ್ಲ ಗ್ರೀಸ್. ಮನೆಯಲ್ಲಿ ಯಾರೂ ಇಲ್ಲ. ಚೈತನ್ಯ ಟಮಕದ ಕಡೆ ಡ್ರೈವಿಂಗ್ ಕ್ಲಾಸ್‌ನಲ್ಲಿದ್ದಾಳೆ. ಬಸುರಿ, ಮೂರು ತಿಂಗಳು ತುಂಬುತ್ತಿದೆ, ಕಾರ್ ಕಲಿಸುವುದು ಸ್ವಲ್ಪ ದಿನ ಬಿಡು ಎಂದರೆ ಕೇಳುವುದಿಲ್ಲ. ‘ಓಡಿಸೋರು ಅವ್ರು ಕಣೋ. ನಾನು ಪಕ್ಕದಲ್ಲಿ ಕೂತಿರ್ತೀನಿ ಅಷ್ಟೆ.’ ಪಕ್ಕದಲ್ಲಿ ಕೂತು, ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟು, ದಿನವಿಡೀ ಗೊತ್ತಿಲ್ಲದವರ ಕೈಗೆ ಸ್ಟಿಯರಿಂಗ್ ಕೊಡುವುದು... ನನ್ನಿಂದ ಆಗದು.

ಈ ಸಲ ಉಳಿಯಬೇಕು. ಮದುವೆಯಾಗಿ ಐದು ವರ್ಷ. ಎರಡು ಸಲ ಎರಡೆರಡು ತಿಂಗಳಿಗೇ ಹೋಯಿತು. ಎರಡು ಸಲವೂ ಅವಳು ಒಂದು ವಾರ ಮಲಗಿ ಎದ್ದು ಕ್ಲಾಸಿಗೆ ಹೋದಳು.

ಸಂಜೆ ೪-೩೦. ಡಾಕ್ಟರ್ ಕೌಸರ್ ಅವರ ಆಸ್ಪತ್ರೆಯಿಂದ ಫೋನ್. ಸ್ಕ್ಯಾನಿಂಗ್ ಜೊತೆ ತೆಗೆದಿದ್ದ ರಕ್ತದ ರಿಪೋರ್ಟ್ ಬಂದಿದೆಯಂತೆ. ಇಬ್ಬರೂ ನಾಳೆ ಬರಬೇಕಂತೆ. ಇಬ್ಬರೂ ಎಂದು ಯಾಕೆ ಒತ್ತಿ ಹೇಳಿದರು?

೧೧ ಜೂನ್, ಮಂಗಳವಾರ

ಕೆಂಪು ಅಕ್ಷರದಲ್ಲಿ ಹೈ ರಿಸ್ಕ್. ಕೆಳಗೆ, ಎಪ್ಪತ್ತರಲ್ಲಿ ಒಂದು. ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಾಧ್ಯತೆ. ಡಾಕ್ಟರ್ ಕೌಸರ್ ನಿಧಾನವಾಗಿ ಹೇಳಿದರು. ನನಗೆ ಅರ್ಧ ಕೇಳಿಸಲಿಲ್ಲ. ಕುರ್ಚಿಯ ಕೈ ಹಿಡಿದು ಕೂತಿದ್ದೆ. ಕೇಳಿದ್ದೆಲ್ಲ ಅವಳೇ.

‘ಅಂದ್ರೆ ಮೇಡಂ, ನನ್ನಂಥ ಎಪ್ಪತ್ತು ಜನರನ್ನ ಇಲ್ಲಿ ಸಾಲಾಗಿ ಕೂರಿಸಿದ್ರೆ, ಅರವತ್ತೊಂಬತ್ತು ಜನರ ಮಗೂಗೆ ಇರಲ್ಲ?’

‘ಹೌದಮ್ಮ. ಇರಲ್ಲ.’

‘ಆ ಒಬ್ಬಳು ನಾನಾ ಅಲ್ವಾ ಅನ್ನೋದು ಈ ಪೇಪರಿಗೆ ಗೊತ್ತಿಲ್ಲ.’

‘ಗೊತ್ತಿಲ್ಲ. ಇದು ಬರೀ ಸೋಸಿ ನೋಡೋ ಟೆಸ್ಟ್ ಅಷ್ಟೆ. ಖಚಿತವಾಗಿ ಹೇಳೋ ಟೆಸ್ಟ್ ಬೇರೆ ಇದೆ.’

ಇನ್ನೊಂದು ರಕ್ತ ಪರೀಕ್ಷೆ ಇದೆ, ತಾಯಿಯ ರಕ್ತದಲ್ಲೇ ಮಗುವಿನ ಅಂಶ ಹುಡುಕುತ್ತಾರೆ ಎಂದರು. ಅದೂ ಸಾಲದಿದ್ದರೆ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವುದು. ಸೂಜಿ ಎಂದಾಗ ನಾನು ಅವಳ ಮುಖ ನೋಡಿದೆ. ಅವಳು ಡಾಕ್ಟರ ಮುಖ ನೋಡುತ್ತಿದ್ದಳು. ಅಲ್ಲೇ ರಕ್ತ ಕೊಟ್ಟು ಬಂದೆವು.

ಹೊರಗೆ ಬಂದು, ‘ಹಸಿವಾಗ್ತಿದೆ, ಇಡ್ಲಿ ತಿನ್ನೋಣ’ ಎಂದಳು. ಅವಳು ತಿಂದಳು. ನನ್ನ ತಟ್ಟೆಯದನ್ನೂ.

೧೬ ಜೂನ್, ಭಾನುವಾರ

ಬೈರಕೂರಿನಿಂದ ಅಮ್ಮ ಬಂದಿದ್ದಳು. ಒಂದು ಚೀಲ ಮಾವು. ವಿಷಯ ಮುಚ್ಚಿಡೋಣ ಎಂದುಕೊಂಡಿದ್ದೆ, ಚೈತನ್ಯಳೇ ಹೇಳಿದಳು. ಕೆಳಗಿನ ಮನೆಯ ಜೈನಾಬ್ ಆಂಟಿಯೂ ಇದ್ದರು. ಅವರು ಮನೆಯ ಓನರ್, ಚೈತನ್ಯಳ ಹೊಸ ಶಿಷ್ಯೆ ಕೂಡ. ಐವತ್ತು ದಾಟಿದ ಮೇಲೆ ಕಾರ್ ಕಲಿಯುತ್ತಿದ್ದಾರೆ.

ಚೈತನ್ಯ ಅಡುಗೆಮನೆಗೆ ಹೋದದ್ದೇ ತಡ, ಅಮ್ಮ ಜೈನಾಬ್ ಆಂಟಿಗೆ ಹೇಳಿದಳು, ‘ನಮ್ಮ ವಂಶದಾಗೆ ಇಂಥಾದ್ದು ಯಾವತ್ತೂ ಇಲ್ಲಮ್ಮ. ಅವಳ ಮೈಯೇ ಅಂಥಾದ್ದು. ಎರಡು ನಿಲ್ಲಲಿಲ್ಲ, ಇದು ನೋಡಿದ್ರೆ ಹಿಂಗೆ.’

ದನಿ ತಗ್ಗಿಸಲಿಲ್ಲ. ಜೈನಾಬ್ ಆಂಟಿ ಸೆರಗು ಸರಿಮಾಡಿಕೊಂಡು ಕಿಟಕಿ ನೋಡಿದರು. ಪಾತ್ರೆ ಸದ್ದು ನಿಂತಿತು. ಆಮೇಲೆ ಚೈತನ್ಯ ಕಾಫಿ ತಂದಳು. ಮೊದಲ ಲೋಟ ಅಮ್ಮನಿಗೇ ಕೊಟ್ಟು, ‘ಸಕ್ಕರೆ ಕಡಿಮೆ ಹಾಕಿದೀನಿ ಅತ್ತೆ, ನಿಮಗೆ ಶುಗರ್ ಅಲ್ವಾ’ ಎಂದಳು. ನಾನು ನೋಡುತ್ತಿದ್ದೆ.

೨೮ ಜೂನ್, ಶುಕ್ರವಾರ

ಎರಡನೇ ಟೆಸ್ಟ್ ಉತ್ತರವೇ ಕೊಡಲಿಲ್ಲ. ಇದೆ ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ರಕ್ತದಲ್ಲಿ ಮಗುವಿನ ಅಂಶ ಸಾಲಲಿಲ್ಲವಂತೆ. ಎಷ್ಟೋ ಜನಕ್ಕೆ ಹೀಗಾಗುತ್ತದಂತೆ. ಎರಡು ವಾರ ದಿನಾ ಮೊಬೈಲ್ ನೋಡಿದ್ದಕ್ಕೆ ಇದು.

ಪ್ಲಾಂಟ್‌ನಲ್ಲಿ ಒಂದು ನಟ್ಟು ಬಿಗಿಯದೆ ಬಿಟ್ಟುಬಿಟ್ಟಿದ್ದೆ. ಯಾರೋ ನೋಡಿ ಬಿಗಿ ಮಾಡಿದರು.

೩೦ ಜೂನ್, ಭಾನುವಾರ. ಬೆಳಿಗ್ಗೆ

ನಿನ್ನೆ ಸಂಜೆ ಅವಳ ಕಾರಿನಲ್ಲಿ ಅಂತರಗಂಗೆ ಕಡೆ ಹೋದೆವು. ಅವಳೇ ಓಡಿಸಿದಳು. ಬೆಟ್ಟದ ಕೆಳಗೆ ನಿಲ್ಲಿಸಿ ಕೇಳಿದಳು.

‘ಸೂಜಿ ಹಾಕಿಸ್ಕೊಳ್ಳಾ?’

‘ಅದ್ರಿಂದ ಮಗು ಹೋದ್ರೆ?’

‘ಐನೂರರಲ್ಲೋ ಸಾವಿರದಲ್ಲೋ ಒಬ್ಬರಿಗೆ ಅಂತೆ. ಕೇಳ್ಕೊಂಡೆ.’

‘ನೀನೇ ಹೇಳು.’

‘ಯಾವಾಗ್ಲೂ ನೀನೇ ಹೇಳು ಅಂತೀಯ.’ ಸ್ವಲ್ಪ ಹೊತ್ತು ಸ್ಟಿಯರಿಂಗ್ ಮೇಲೆ ಕೈಯಾಡಿಸಿದಳು. ‘ನಂಗೆ ಗೊತ್ತಾಗ್ಬೇಕು ವೆಂಕಟ್. ಇನ್ನೂ ಐದಾರು ತಿಂಗಳು ಹಿಂಗೇ ಇರಕ್ಕಾಗಲ್ಲ.’

‘ಇದೆ ಅಂತ ಬಂದ್ರೆ ಏನ್ ಮಾಡೋದು?’

‘ಬಂದಾಗ ಹೇಳ್ತೀನಿ. ಈಗ ಧೈರ್ಯದ ಮಾತಾಡಿದ್ರೆ ಸುಳ್ಳಾಗುತ್ತೆ.’

ಇದಕ್ಕಿಂತ ನೇರವಾಗಿ ಯಾರಾದರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ನಾನಾಗಿದ್ದರೆ ಏನೋ ದೊಡ್ಡ ಮಾತು ಆಡಿ, ಆಮೇಲೆ ಅದರ ಕೆಳಗೆ ಸಿಕ್ಕಿಕೊಳ್ಳುತ್ತಿದ್ದೆ.

೯ ಜುಲೈ, ಮಂಗಳವಾರ

ಬೆಂಗಳೂರಿಗೆ ಹೋಗಿ ಬಂದೆವು. ಸೂಜಿ ಆಯಿತು.

ಅಷ್ಟುದ್ದ ಸೂಜಿ ನಾನು ದನದ ಡಾಕ್ಟರ ಕೈಯಲ್ಲಿ ಮಾತ್ರ ನೋಡಿದ್ದೆ. ಡಾಕ್ಟರ್ ಮುರಳಿಮೋಹನ್ ಎಂದು, ಜೆನೆಟಿಕ್ಸ್‌ನವರು, ಮೃದು ಮಾತು. ‘ಆ ಕಡೆ ನೋಡಮ್ಮ’ ಎಂದರು. ಅವಳು ಸ್ಕ್ರೀನ್ ಕಡೆಗೇ ನೋಡಿದಳು. ಸೂಜಿಯ ತುದಿ ಬೆಳ್ಳಗೆ ಗೆರೆಯ ಹಾಗೆ ಒಳಗೆ ಬಂತು. ಮಗು ಕಾಲು ಮಡಚಿಕೊಂಡಿತು. ‘ಜಾಗ ಬಿಡ್ತು ನೋಡಿ, ಜಾಣ’ ಎಂದಳು ಮಲಗಿದಲ್ಲಿಂದಲೇ. ಅವಳ ಕೈ ಹಿಡಿದುಕೊಂಡಿದ್ದವನು ನಾನು, ಬೆವರಿದವನೂ ನಾನೇ. ಕಣ್ಣು ಕತ್ತಲೆ ಬಂತು. ನರ್ಸ್ ನನ್ನನ್ನು ಸ್ಟೂಲ್ ಮೇಲೆ ಕೂರಿಸಿ ನೀರು ಕೊಟ್ಟರು. ಎಲ್ಲ ಮುಗಿದ ಮೇಲೆ ಚೈತನ್ಯ ನರ್ಸನ್ನು ಮೊದಲು ಕೇಳಿದ್ದು, ‘ಅವ್ರು ಹೆಂಗಿದಾರೆ?’

ಬರುವಾಗ ನಾನು ಓಡಿಸಿದೆ. ಹೊಸಕೋಟೆ ದಾಟುವಷ್ಟರಲ್ಲಿ ಮೂರು ಸಲ ನನ್ನ ಗೇರ್ ತಿದ್ದಿದಳು.

೧೦ ಜುಲೈ

ಮಲಗಿಯೇ ಇದ್ದಾಳೆ. ರಕ್ತ ಇಲ್ಲ. ನೋವು ಇಲ್ಲ. ಪದೇ ಪದೇ ಕೇಳಬೇಡ ಎಂದಳು.

೧೩ ಜುಲೈ, ಶನಿವಾರ

ಫೋನ್ ಬಂತು. ಡೌನ್ ಸಿಂಡ್ರೋಮ್ ಇಲ್ಲ. ಅವಸರದ ಪರೀಕ್ಷೆಯಲ್ಲಿ ನೋಡುವ ಇನ್ನೂ ಒಂದೆರಡು ದೋಷ ಇವೆಯಂತೆ, ಅವೂ ಇಲ್ಲ. ಪೂರ್ತಿ ರಿಪೋರ್ಟಿಗೆ ಎರಡು ಮೂರು ವಾರ.

ಅವಳು ಫೋನ್ ಇಟ್ಟು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಲ್ಲಿ ಬಿಟ್ಟ ಸದ್ದು. ತುಂಬಾ ಹೊತ್ತು. ಒಂದು ತಿಂಗಳಲ್ಲಿ ಅತ್ತದ್ದು ಇವತ್ತೇ ಇರಬೇಕು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ‘ಸೋಮವಾರದಿಂದ ಕ್ಲಾಸ್ ಶುರು’ ಎಂದಳು.

ಜೈನಾಬ್ ಆಂಟಿ ಸೇವಯಿ ಪಾಯಸ ಕೊಟ್ಟು ಕಳಿಸಿದ್ದಾರೆ. ಎರಡು ಸಲ ಹಾಕಿಸಿಕೊಂಡೆ.

೩೦ ಜುಲೈ, ಮಂಗಳವಾರ

ಮುಗಿಯಿತು ಎಂದುಕೊಂಡಿದ್ದೆವು.

ಡಾಕ್ಟರ್ ಮುರಳಿಮೋಹನ್ ವಿಡಿಯೋ ಕಾಲ್ ಮಾಡಿದರು. ಪೂರ್ತಿ ರಿಪೋರ್ಟ್‌ನಲ್ಲಿ ಬೇರೆ ಏನೋ ಕಂಡಿದೆ. ಮಗುವಿನ ನಾಲ್ಕನೇ ಕ್ರೋಮೋಸೋಮಿನ ತುದಿ ಹನ್ನೊಂದನೆಯದಕ್ಕೆ ಅಂಟಿದೆ, ಹನ್ನೊಂದರದು ನಾಲ್ಕಕ್ಕೆ. ‘ಎರಡು ಪುಸ್ತಕದ ಕೊನೇ ಹಾಳೆಗಳು ಅದಲುಬದಲಾಗಿ ಬೈಂಡ್ ಆದ ಹಾಗೆ. ಹಾಳೆ ಕಳೆದಿಲ್ಲ ಅಂತ ಕಾಣುತ್ತೆ. ಆದರೆ ಹರಿದ ಕಡೆ ಒಂದೆರಡು ಸಾಲು ಹೋಗಿದೆಯೋ ಇಲ್ಲವೋ, ನನಗೆ ಹೇಳಕ್ಕಾಗಲ್ಲ.’

‘ಹೋಗಿದ್ರೆ?’ ಅವಳು ಕೇಳಿದಳು.

‘ಏನೂ ಆಗದೇ ಇರಬಹುದು. ಬೆಳವಣಿಗೆ, ಬುದ್ಧಿ, ಯಾವುದಕ್ಕಾದರೂ ತೊಂದರೆ ಆಗಲೂಬಹುದು. ಒಂದು ದಾರಿ ಇದೆ. ನಿಮ್ಮಿಬ್ಬರ ರಕ್ತ ನೋಡೋಣ. ಇಬ್ಬರಲ್ಲಿ ಒಬ್ಬರಿಗೆ ಇದೇ ಇದ್ದು, ಅವರು ಆರೋಗ್ಯವಾಗಿದ್ದರೆ, ಮಗುವೂ ಹಾಗೇ ಇರುತ್ತೆ ಅಂತ ತಿಳಿಯಬಹುದು. ಇಬ್ಬರಿಗೂ ಇಲ್ಲದಿದ್ದರೆ ಮತ್ತೆ ಕೂತು ಮಾತಾಡಬೇಕು. ಇಪ್ಪತ್ತು ವಾರ ಆಯ್ತಲ್ಲ. ಬೇಗ ಮಾಡಿಸಿ.’

ಬೇಗ ಯಾಕೆ ಎಂದು ನಾವಿಬ್ಬರೂ ಕೇಳಲಿಲ್ಲ. ಗರ್ಭ ತೆಗೆಸುವುದಾದರೆ ಅದಕ್ಕೊಂದು ಗಡುವಿದೆ ಎಂದು ಗೊತ್ತಿತ್ತು. ಇವತ್ತೇ ಕೋಲಾರದ ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಅಕ್ಕಪಕ್ಕದ ಕುರ್ಚಿ. ಅವಳು ತೋಳು ಚಾಚಿ ನನ್ನ ಕಡೆ ತಿರುಗಿ, ‘ಬೀಳ್ಬೇಡ’ ಎಂದಳು.

೫ ಆಗಸ್ಟ್, ಸೋಮವಾರ

ಮಗು ಒದೆಯುತ್ತಿದೆ. ನನ್ನ ಕೈ ಹಿಡಿದು ಇಟ್ಟುಕೊಂಡಳು. ನಾನು ಬೇಗ ತೆಗೆದುಬಿಟ್ಟೆ. ಅವಳು ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತಂದು ಅಲ್ಲೇ ಇಟ್ಟಳು.

‘ದಿನಾ ಬೆಳಿಗ್ಗೆ ಏನ್ ಬೇಡ್ಕೋತೀನಿ ಗೊತ್ತಾ? ನನ್ನಲ್ಲೇ ಇರ್ಲಿ ಅಂತ.’

‘ನಾನೂ ನನ್ನಲ್ಲೇ ಇರ್ಲಿ ಅಂತ.’

‘ನೋಡೋಣ, ಯಾರು ಗೆಲ್ತೀವಿ.’

ತಮ್ಮಲ್ಲಿ ಐಬು ಇರಲಿ ಎಂದು ಬೇಡಿಕೊಳ್ಳುವ ಗಂಡ ಹೆಂಡತಿ. ದೇವರಿಗೂ ಗೊಂದಲ ಆಗಿರಬೇಕು.

ಅವಳು ಕ್ಲಾಸ್ ತಪ್ಪಿಸಿಲ್ಲ. ಬೆಳಿಗ್ಗೆ ಬಾಲ್ಕನಿಯಿಂದ ನೋಡಿದೆ. ಜೈನಾಬ್ ಆಂಟಿ ಗೇಟಿನ ಹತ್ತಿರ ಕಾರ್ ಆಫ್ ಮಾಡಿಕೊಂಡು ಅಳುವಂತಾಗಿದ್ದರು. ಹಿಂದೆ ಎರಡು ಆಟೋ ಹಾರ್ನ್. ಚೈತನ್ಯ ಕಿಟಕಿಯಿಂದ ಕೈ ಹೊರಚಾಚಿ ಆಟೋದವರಿಗೆ ತಡೆಯಿರಿ ಎಂದು ತೋರಿಸಿದಳು. ಆಂಟಿಗೆ ಹೇಳಿದ್ದು ಮೇಲಿನವರೆಗೂ ಕೇಳಿಸಿತು: ‘ಅವ್ರು ಕಾಯ್ತಾರೆ. ನೀವು ನಿಧಾನಕ್ಕೆ ಕ್ಲಚ್ ಬಿಡಿ.’ ಹೊಟ್ಟೆಯೊಳಗೆ ಅಷ್ಟು ದೊಡ್ಡ ಪ್ರಶ್ನೆ ಇಟ್ಟುಕೊಂಡವಳ ದನಿ ಅದು. ಪುಣ್ಯ ಮಾಡಿದ್ದೆ ಅನ್ನಿಸಿತು.

೧೪ ಆಗಸ್ಟ್, ಬುಧವಾರ

ನಾನು ಗೆದ್ದೆ.

ಬೆಂಗಳೂರಿಗೇ ಕರೆಸಿದ್ದರು. ಡಾಕ್ಟರ್ ಮುರಳಿಮೋಹನ್ ಪೇಪರ್ ನಮ್ಮ ಕಡೆ ತಿರುಗಿಸಿದರು. ‘ತಾಯಿ ನಾರ್ಮಲ್. ತಂದೆಯಲ್ಲಿ ಅದೇ ನಾಲ್ಕು, ಅದೇ ಹನ್ನೊಂದು. ಒಳ್ಳೇ ಸುದ್ದಿ. ಮಗು ನಿಮ್ಮ ಥರ, ವೆಂಕಟ್. ಹೆಚ್ಚಿನ ಭಯ ಇಟ್ಕೋಬೇಡಿ.’

ಚೈತನ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ‘ಇವರ ಥರಾನೇ ಆಗುತ್ತಾ ಡಾಕ್ಟ್ರೇ? ನಂಗೆ ಈಗ ಭಯ ಶುರುವಾಯ್ತು.’ ಡಾಕ್ಟರ್ ಜೋರಾಗಿ ನಕ್ಕರು. ನಾವೂ ನಕ್ಕೆವು. ನಗುತ್ತಾ ನಗುತ್ತಾ ಅವಳ ಕಣ್ಣಿಂದ ನೀರು ಇಳಿಯಿತು.

ಆಮೇಲೆ ಡಾಕ್ಟರ್ ಫೈಲ್ ನೋಡಿ, ‘ಹಿಂದೆ ಎರಡು ಸಲ ಅಬಾರ್ಷನ್ ಆಗಿತ್ತಲ್ಲ, ಅದಕ್ಕೂ ಇದೇ ಕಾರಣ ಇರಬಹುದು’ ಎಂದರು. ನನ್ನಂಥವರಿಗೆ ಏನೂ ಆಗುವುದಿಲ್ಲ. ಆದರೆ ನಮ್ಮಿಂದ ಮಗುವಿಗೆ ಹೋಗುವಾಗ ಕೆಲವು ಸಲ ಒಂದು ಹಾಳೆ ಹೆಚ್ಚು, ಇನ್ನೊಂದು ಕಡಿಮೆ ಹೋಗುತ್ತದೆ. ಅಂಥದ್ದು ನಿಲ್ಲುವುದಿಲ್ಲ. ‘ಇವರಿಂದ ಏನೂ ತೊಂದರೆ ಇರಲಿಲ್ಲ’ ಎಂದು ಚೈತನ್ಯಳನ್ನು ತೋರಿಸಿದರು.

ನನ್ನಿಂದ. ಎರಡೂ.

ವಾಪಸ್ ಬರುವಾಗ ಅವಳೇ ಓಡಿಸುತ್ತಿದ್ದಳು. ನರಸಾಪುರದ ಹತ್ತಿರ ಟೀ ಅಂಗಡಿಗೆ ನಿಲ್ಲಿಸಿದಳು.

‘ಯಾಕೋ ಸಪ್ಪಗಿದೀಯ? ಇದಕ್ಕೆ ತಾನೇ ಇಬ್ಬರೂ ಬೇಡ್ಕೊಂಡಿದ್ದು.’

‘ಐದು ವರ್ಷ ಎಲ್ರೂ ನಿನ್ನನ್ನೇ ಅಂದ್ರು.’

‘ಅಂದ್ರು. ನೀನನ್ಲಿಲ್ಲ.’ ಟೀ ಆರಿಸಿಕೊಂಡು ಒಂದು ಗುಟುಕು ಕುಡಿದಳು. ‘ಅನ್ನೋರನ್ನ ತಡೀಲೂ ಇಲ್ಲ.’

ಅಷ್ಟೇ. ಸಿಟ್ಟಿರಲಿಲ್ಲ. ಲೋಟ ಕೊಟ್ಟು ಬಂದು ಕಾರ್ ಸ್ಟಾರ್ಟ್ ಮಾಡಿದಳು. ಇವತ್ತು ಅವಳಿಗೆ ನನ್ನ ಮೇಲೆ ಏನು ಬೇಕಾದರೂ ಎಸೆಯುವ ಹಕ್ಕಿತ್ತು. ಎಸೆಯಲಿಲ್ಲ. ಹಾಗೆಂದು ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ.

೧೮ ಆಗಸ್ಟ್, ಭಾನುವಾರ

ಬೈರಕೂರಿಗೆ ಹೋಗಿದ್ದೆ. ಒಬ್ಬನೇ. ಮುಳಬಾಗಿಲಿನವರೆಗೆ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ, ಆಮೇಲೆ ಎಲ್ಲ ಮರೆತೆ.

ಅಪ್ಪ, ಅಮ್ಮ ಟೊಮೆಟೊ ತೋಟದಲ್ಲಿದ್ದರು. ಕಡ್ಡಿಗೆ ಗಿಡ ಕಟ್ಟುವ ಕೆಲಸ. ನನ್ನನ್ನು ನೋಡಿ ಅಮ್ಮ ಗಾಬರಿಯಾದಳು. ‘ಏಮ್ರಾ, ಒಬ್ಬನೇ ಬಂದಿದೀಯ? ಅದೂ ಹೋಯ್ತಾ?’

‘ಇಲ್ಲಮ್ಮ. ಮಗು ಚೆನ್ನಾಗಿದೆ.’ ನಿಂತೇ ಹೇಳಿದೆ. ನನ್ನ ರಕ್ತದಲ್ಲಿ ಇದೆ ಎಂದೆ. ಎರಡು ಸಲ ಹೋಗಿದ್ದೂ ಅದರಿಂದಲೇ ಇರಬಹುದು, ಚೈತನ್ಯಳ ಮೈಯಲ್ಲಿ ಏನೂ ದೋಷವಿಲ್ಲ, ಡಾಕ್ಟರು ಪೇಪರಿನಲ್ಲೇ ಬರೆದುಕೊಟ್ಟಿದ್ದಾರೆ ಎಂದೆ. ‘ಇನ್ನು ಮೇಲೆ ಅವಳನ್ನ ಏನೂ ಅನ್ನಬೇಡ. ಅನ್ನೋದಾದ್ರೆ ನನ್ನನ್ನ ಅನ್ನು.’

ಅಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಗಿಡ ಕಟ್ಟಿ ಮುಗಿಸಿದಳು. ಇನ್ನೊಂದು ಕಟ್ಟಿದಳು.

‘ನಿಂಗೆ ಎಲ್ಲಿಂದ ಬಂತು ಅದು?’

‘ನಿನ್ನಿಂದಾನೋ ಅಪ್ಪನಿಂದಾನೋ ಬಂದಿರಬಹುದಂತೆ.’

ಅಪ್ಪ ತಲೆಯೆತ್ತಿದ. ‘ನಂದಾ?’

ಅಮ್ಮ ಸೊಂಟ ನೆಟ್ಟಗೆ ಮಾಡಿಕೊಂಡು ಅವನನ್ನು ನೋಡಿದಳು. ‘ನಿಂದೋ ನಂದೋ ಯಾರಿಗ್ಗೊತ್ತು ಆಂಜಿನಪ್ಪ? ಇವನು ಹುಟ್ಟೋಕ್ಮುಂಚೆ ನಂಗೆ ಮೂರು ಹೋಗಿತ್ತು. ನಿಮ್ಮಮ್ಮ ನನ್ನನ್ನೇ ಅಂದ್ಲು. ಸೀತಮ್ಮ ದೇವ್ರಿಗೆ ಹರಕೆ ಹೊರಿಸಿ ಆವನಿ ಬೆಟ್ಟ ಹತ್ತಿಸಿದ್ಲು, ಬರೀ ಕಾಲಲ್ಲಿ. ನೀನು ಕೆಳಗೆ ಬೀಡಿ ಸೇದ್ಕೊಂಡು ಕೂತಿದ್ದೆ.’

ಅಮ್ಮ ಗಂಡನ ಹೆಸರು ಹಿಡಿದು ಕರೆದದ್ದನ್ನು ನಾನು ಇವತ್ತೇ ಕೇಳಿದ್ದು. ಮೂರು ಹೋಗಿದ್ದೂ ನನಗೆ ಗೊತ್ತಿರಲಿಲ್ಲ. ಅಪ್ಪ ದಾರದ ಉಂಡೆ ಅವಳ ಕೈಗೆ ಕೊಟ್ಟ.

ಬದುವಿನ ಮೇಲೆ ಕೂತು ಅಮ್ಮ ಕೇಳಿದಳು, ‘ಇದೆಲ್ಲ ಚೈತನ್ಯಾಗೆ ಗೊತ್ತಾ?’

‘ಗೊತ್ತು.’

‘ನನ್ನ ಬಗ್ಗೆ ಏನಂದ್ಲು?’

‘ಏನೂ ಅನ್ಲಿಲ್ಲ.’

‘ಅಯ್ಯೋ ರಾಮ’ ಎಂದಳು. ‘ಅಂದಿದ್ರೆ ಚೆನ್ನಾಗಿತ್ತು.’

೨೫ ಆಗಸ್ಟ್, ಭಾನುವಾರ

ಅಮ್ಮ ಬಂದಿದ್ದಳು. ಫೋನ್ ಮಾಡದೆ, ಮೊದಲ ಬಸ್ಸಿಗೆ. ಮೇಲೆ ಬರುವ ಮೊದಲು ಕೆಳಗಿನ ಮನೆ ಬಾಗಿಲು ತಟ್ಟಿ ಜೈನಾಬ್ ಆಂಟಿಯನ್ನು ಕರೆದುಕೊಂಡು ಬಂದಳು. ಆಂಟಿಗೆ ಯಾಕೆಂದು ಗೊತ್ತಿಲ್ಲ, ಕೈಯಲ್ಲಿ ಹಿಟ್ಟು ಹಾಗೇ ಇತ್ತು.

ಅಮ್ಮ ನಡುಮನೆಯಲ್ಲಿ ನಿಂತುಕೊಂಡೇ ಹೇಳಿದಳು, ‘ಚೈತನ್ಯ, ಅವತ್ತು ಈಯಮ್ಮನ ಎದುರಿಗೆ ನಿನ್ನ ಮೈ ಸರಿಯಿಲ್ಲ ಅಂದಿದ್ದೆ. ನಿಂಗೆ ಕೇಳಿಸ್ತು ಅಂತಾನೂ ಗೊತ್ತಿತ್ತು. ಅದು ತಪ್ಪು. ಅದಕ್ಕೇ ಈಯಮ್ಮನ ಎದುರಿಗೇ ಹೇಳ್ತಿದೀನಿ. ನನಗೆ ಅಂದಾಗ ಎಷ್ಟು ಉರೀತು ಅಂತ ಗೊತ್ತಿದ್ದೂ ಅಂದೆ ನೋಡು.’

ಅರವತ್ತೆರಡು ವರ್ಷದ ಹೆಂಗಸು. ಊರಿನಲ್ಲಿ ಯಾರ ಎದುರೂ ತಲೆ ತಗ್ಗಿಸಿದವಳಲ್ಲ. ಇವತ್ತೂ ತಗ್ಗಿಸಲಿಲ್ಲ, ಮುಖ ನೋಡಿಕೊಂಡೇ ಹೇಳಿದಳು. ನನಗೆ ಈ ವಯಸ್ಸಿನಲ್ಲೂ ಅದು ಬರುವುದಿಲ್ಲ.

ಚೈತನ್ಯ ಪರವಾಗಿಲ್ಲ ಎನ್ನುತ್ತಾಳೆ ಎಂದುಕೊಂಡೆ. ಅನ್ನಲಿಲ್ಲ. ‘ನೋವಾಗಿತ್ತು ಅತ್ತೆ’ ಎಂದಳು. ‘ತುಂಬಾ ನೋವಾಗಿತ್ತು.’ ಆಮೇಲೆ ಕುರ್ಚಿ ಎಳೆದಳು. ‘ಕೂತ್ಕೊಳ್ಳಿ. ಬಸ್ಸಲ್ಲಿ ನಿಂತೇ ಬಂದಿರ್ತೀರ.’

ಜೈನಾಬ್ ಆಂಟಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು.

೨ ಡಿಸೆಂಬರ್, ಸೋಮವಾರ

ಮೂರು ತಿಂಗಳಿಂದ ಬರೆದಿಲ್ಲ. ಬರೆಯಬೇಕು ಅನ್ನಿಸಲಿಲ್ಲ. ಚೆನ್ನಾಗಿದ್ದೆವು. ಅಮ್ಮ ಇಲ್ಲೇ ಇದ್ದಾಳೆ, ಹದಿನೈದು ದಿನದಿಂದ. ಅವರೆಕಾಯಿ ಸೊಗಡಿಗೆ ಇಡೀ ಮನೆ ಘಮ್ಮೆನ್ನುತ್ತಿದೆ. ಅತ್ತೆ ಸೊಸೆ ಕೂತು ಅವರೆಕಾಳು ಹಿಸುಕುತ್ತಾರೆ, ನಡುವೆ ಜಗಳವೂ ಆಗುತ್ತದೆ. ಕ್ಲಾಸ್ ನಿಲ್ಲಿಸು ಎಂದು ಅಮ್ಮ. ಹೊಟ್ಟೆ ಸ್ಟಿಯರಿಂಗಿಗೆ ತಾಗೋದು ನಂಗಲ್ಲ ಅತ್ತೆ, ಪಕ್ಕದ ಸೀಟಲ್ಲಿ ಸ್ಟಿಯರಿಂಗೇ ಇಲ್ಲ ಎಂದು ಇವಳು. ಕೊನೆಗೆ ಶನಿವಾರ ನಿಲ್ಲಿಸಿದಳು.

೧೩ ಡಿಸೆಂಬರ್, ಶುಕ್ರವಾರ. ಆಸ್ಪತ್ರೆ

ಹೆಣ್ಣು. ಬೆಳಿಗ್ಗೆ ಏಳು ಗಂಟೆಗೆ. ಎರಡು ಕೆಜಿ ಎಂಟುನೂರು. ಚೈತನ್ಯ ಸುಸ್ತಾಗಿದ್ದಾಳೆ, ಚೆನ್ನಾಗಿದ್ದಾಳೆ. ಮಕ್ಕಳ ಡಾಕ್ಟರು ತಲೆಯಿಂದ ಪಾದದವರೆಗೆ ನೋಡಿ, ಎಲ್ಲ ಸರಿಯಾಗಿದೆ ಎಂದರು. ಡಾಕ್ಟರ್ ಕೌಸರ್ ಮಗುವನ್ನು ನನ್ನ ಕೈಗಿಟ್ಟಾಗ ಈ ಸಲ ತಲೆ ಸುತ್ತಲಿಲ್ಲ.

೧೫ ಡಿಸೆಂಬರ್, ಭಾನುವಾರ. ಬೆಳಿಗ್ಗೆ ೧೧

ಇನ್ನೂ ಆಸ್ಪತ್ರೆಯಲ್ಲೇ. ನಾಳೆ ಮನೆಗೆ. ಇಬ್ಬರೂ ಮಲಗಿದ್ದಾರೆ. ಅಮ್ಮ ಗಂಜಿ ತರಲು ಹೋಗಿದ್ದಾಳೆ.

ಬೆಳಿಗ್ಗೆ ಚೈತನ್ಯಳನ್ನು ಕೇಳಿದೆ. ಇವಳಿಗೂ ನನ್ನದೇ ನಾಲ್ಕು, ಹನ್ನೊಂದು. ದೊಡ್ಡವಳಾಗಿ, ಮದುವೆಯಾಗಿ, ಇವಳಿಗೂ ಹಾಗೆ ಒಂದೆರಡು ಹೋದರೆ?

‘ಹೋಗಬಹುದು’ ಎಂದಳು. ‘ಆದ್ರೆ ಯಾಕೆ ಅಂತ ಇವಳಿಗೆ ಗೊತ್ತಿರುತ್ತೆ. ಇವಳ ಅತ್ತೆ ಮನೆಯವ್ರಿಗೂ ಗೊತ್ತಿರುತ್ತೆ. ಅತ್ತೆಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ಇವಳಿಗೆ ಮಾತ್ರ ಮೊದಲೇ ಹೇಳ್ಬೇಕು.’

‘ಯಾರು ಹೇಳೋದು?’

‘ನೀನು.’

ನೀನೇ ಹೇಳು ಎಂದು ಬಾಯಿಗೆ ಬಂದಿತ್ತು. ತಡೆದುಕೊಂಡೆ. ಆಗಲಿ ಎಂದೆ. ಅವಳು ನಕ್ಕು, ಗೋಡೆಯ ಕಡೆ ತಿರುಗಿ ಮಲಗಿದಳು.

ಇನ್ನೂ ಇಪ್ಪತ್ತು ವರ್ಷ ಇದೆ. ಆದರೂ ಹೇಗೆ ಶುರು ಮಾಡುವುದು ಎಂದು ಈಗಲೇ ಯೋಚಿಸುತ್ತಿದ್ದೇನೆ. ಹೀಗೆ ಶುರು ಮಾಡಬಹುದು: ಇಲ್ಲಿ ಬಾಮ್ಮ, ಕೂತ್ಕೋ. ನಿನ್ನಲ್ಲಿ ನನ್ನದೊಂದು ಇದೆ. ಅದು ತಪ್ಪಲ್ಲ. ನಿನಗೆ ಅದು ಬಂದಿದೆ ಅಂತ ಗೊತ್ತಾಗಿದ್ದು ನಿಮ್ಮಮ್ಮ ಆ ದಿನ ಧೈರ್ಯವಾಗಿ ಮಲಗಿಕೊಂಡು, ಸ್ಕ್ರೀನ್ ಕಡೆಗೇ ನೋಡುತ್ತಾ...

ಮಗಳು ಎದ್ದಳು. ಅಳು ಶುರು. ಚೈತನ್ಯಳಿಗೆ ಎಚ್ಚರವಾಗುವ ಮೊದಲು ಎತ್ತಿಕೊಳ್ಳಬೇಕು.